ಅಜ್ಜನ ಮಜ್ಜಿಗಿಯ ಮಾರಿ

ಬಬಲೇಶ್ವರದ ಶಾಂತಪ್ಪ ಬಸ್ ಕಂಡಕ್ಟರಾಗಿ ನಿವೃತ್ತನಾದ ದಿನ ಡಿಪೋದವರು ಅವನಿಂದ ಟಿಕೆಟ್ ಮಷೀನು, ಚರ್ಮದ ಚೀಲ, ಸೀಟಿ ಎಲ್ಲವನ್ನೂ ವಾಪಸ್ ತೆಗೆದುಕೊಂಡರು. ಮೀಸೆಯನ್ನು ಮಾತ್ರ ಅವನ ಹತ್ತಿರವೇ ಬಿಟ್ಟರು. ತುದಿ ಮೇಲಕ್ಕೆ ತಿರುವಿದ, ಅರ್ಧ ಮುಖವನ್ನೇ ಹಿಡಿದುಕೊಂಡ ಮೀಸೆ ಅದು. ಅರ್ಧ ಟಿಕೆಟ್ ಕೇಳೋಣವೆಂದು ಸೀಟಿನಲ್ಲಿ ಮುದುಡಿ ಕೂತ ಕಾಲೇಜು ಹುಡುಗರು ಆ ಮೀಸೆ ಹತ್ತಿರ ಬಂದೊಡನೆ ತಾವಾಗಿಯೇ ತಮ್ಮ ವಯಸ್ಸು ಒಪ್ಪಿಕೊಳ್ಳುತ್ತಿದ್ದರು. ಮೀಸೆಯ ಕೆಳಗಿನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಮಗುವಿಗೆ ಶಾಂತಪ್ಪ ಅಂತ ಹೆಸರಿಟ್ಟ ಹಿರಿಯರು ಮುಂದಿನದನ್ನು ಯೋಚಿಸಿರಲಿಲ್ಲ.

ನಿವೃತ್ತನಾದ ಮೇಲೆ ಆ ಮೀಸೆಗೂ ಬಾಯಿಗೂ ಕೆಲಸ ತಪ್ಪಿತು. ಮನೆಯ ಕಟ್ಟೆಯ ಮೇಲೆ ಕೂತು, ತಡವಾಗಿ ಬರುವ ಬಸ್ಸುಗಳ ಮೇಲೆ ಸಿಟ್ಟಾಗುವುದೊಂದೇ ಉಳಿದಿತ್ತು. ಹೀಗಿರುವಾಗ ಬಿರುಬೇಸಿಗೆಯ ಒಂದು ಬೆಳಿಗ್ಗೆ ಪಕ್ಕದ ಮನೆಯ ಚಾಂದಬಿ ಬಂದಳು. ಹಿಟ್ಟಿನ ಗಿರಣಿ ನಡೆಸುವಾಕೆ, ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಹಿಂದಿನ ದಿನ ತಿಕೋಟಾದ ಮಗಳ ಮನೆಗೆ ಹೋಗಿದ್ದಳಂತೆ. ಅಲ್ಲಿ ರಸ್ತೆಯ ಪಕ್ಕದ ದೊಡ್ಡ ಬೋರ್ಡಿನ ಮೇಲೆ ಶಾಂತಪ್ಪನ ಮಾರಿ, ಮೀಸೆ ಸಮೇತ ಇಡೀ ಮುಖ, ಕಂಡಳಂತೆ.

"ಎಷ್ಟ್ ದೊಡ್ಡದ್ರಿ ಅಣ್ಣಾರ," ಅಂದಳು, "ನಿಮ್ಮ ಮೂಗಿನ ಒಂದ್ ಹೊಳ್ಳ್ಯಾಗ ನನ್ನ ಗಿರಣಿ ಹಿಡಸ್ತೈತಿ."

ಶಾಂತಪ್ಪ ಚಹಾ ಅರ್ಧಕ್ಕೆ ಬಿಟ್ಟು ತಿಕೋಟಾದ ಬಸ್ಸು ಹತ್ತಿದ. ತಿಕೋಟಾ ಊರು ದಾಟಿ ಸ್ವಲ್ಪ ದೂರ ಹೋದರೆ ಹೊಸದಾಗಿ ಆದ ಆಟದ ಪಾರ್ಕು, ಹೆಸರು ಖುಷಿನಗರ. ನೀರಿನ ಜಾರುಬಂಡಿ, ಗರಗರ ತಿರುಗುವ ಚಕ್ರ, ಸುತ್ತ ದ್ರಾಕ್ಷಿ ತೋಟ. ಅದರ ಬಾಗಿಲ ಮುಂದೆ ಚಾಂದಬಿ ಹೇಳಿದ ಬೋರ್ಡು ಇತ್ತು. ರುಮಾಲು ಸುತ್ತಿದ ಒಬ್ಬ ಅಜ್ಜ, ಕೈಯಲ್ಲಿ ತಾಮ್ರದ ತಂಬಿಗೆ, ಕೆಳಗೆ ದಪ್ಪ ಅಕ್ಷರದಲ್ಲಿ 'ಅಜ್ಜನ ಮಜ್ಜಿಗಿ, ಖುಷಿನಗರದಾಗ ಮಾತ್ರ'. ಅದೇ ಮೀಸೆ. ಅದೇ ದಪ್ಪ ಹುಬ್ಬು. ಕೆನ್ನೆಯ ಮೇಲೆ ಕಡಲೆಕಾಳಿನಂಥ ಅದೇ ಮಚ್ಚೆ. ಶಾಂತಪ್ಪನಿಗೆ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಸಿಗುವ ಮನುಷ್ಯನೇ ಈಗ ತೆಂಗಿನ ಮರದಷ್ಟು ಎತ್ತರದಲ್ಲಿ ನಿಂತು ಅವನನ್ನು ದುರುಗುಟ್ಟಿ ನೋಡುತ್ತಿದ್ದ.

ಮರಳಿ ಬರುವಾಗ ಬಸ್ಸಿನ ಕಂಡಕ್ಟರ್, ಶಾಂತಪ್ಪನ ಕೈಕೆಳಗೆ ಕೆಲಸ ಕಲಿತವನು, ಬೋರ್ಡಿನ ಮೇಲಿರೋದು ನೀವೇ ಅಲ್ಲವೇ ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿದ. ಗೊತ್ತಿಲ್ಲಪ್ಪ ಅಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಸ್ಸಿನ ತುಂಬ ಜನ ಕತ್ತು ತಿರುಗಿಸಿ ಕೂತಿರುವಾಗ ಗೊತ್ತಿಲ್ಲ ಅನ್ನುವುದು ನಮ್ಮ ನಿಮ್ಮಂಥವರಿಗೂ ಕಷ್ಟ. ಶಾಂತಪ್ಪ ಮೀಸೆಯ ಒಂದು ತುದಿ ಸರಿಮಾಡಿಕೊಂಡ.

"ಭಾಳ ಕಾಡಿದ್ರಪ್ಪಾ. ಒಲ್ಲೆ ಅನ್ನಾಕ ಆಗಲಿಲ್ಲ," ಅಂದ.

ಬಸ್ಸು ಬಬಲೇಶ್ವರ ಮುಟ್ಟುವುದರೊಳಗೆ ಮಾತು ಬೆಳೆದಿತ್ತು. ಸಂಜೆಯ ಹೊತ್ತಿಗೆ ಶಾಂತಪ್ಪ ಖುಷಿನಗರದ ಪಾಲುದಾರನಾಗಿದ್ದ. ಇದನ್ನು ಅವನು ಹೇಳಿದ್ದಲ್ಲ. ಯಾರೋ ಹೇಳಿದಾಗ ಅಲ್ಲ ಅನ್ನಲಿಲ್ಲ, ಅಷ್ಟೆ. ಕ್ಷೌರದವನು ಆವತ್ತಿನಿಂದ ಮೀಸೆಯ ಹತ್ತಿರ ಬಂದಾಗ ಉಸಿರು ಹಿಡಿದು ಕತ್ತರಿ ಆಡಿಸತೊಡಗಿದ. ಓಣಿಯ ಇಬ್ಬರು ತಮ್ಮ ಮಕ್ಕಳಿಗೆ ಜಾರುಬಂಡಿಯ ಹತ್ತಿರ ನೌಕರಿ ಕೇಳಿದರು. ಚಾಂದಬಿಯ ಗಿರಣಿಯಲ್ಲಿ ಶಾಂತಪ್ಪನ ಮನೆಯ ಜೋಳದ ಡಬ್ಬಿ ಸಾಲಿನ ಹಿಂದಿನಿಂದ ಮುಂದಕ್ಕೆ ಬಂತು.

ಹೆಂಡತಿ ಸಾವಂತ್ರವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ನಿಮ್ಮನ್ನು ಯಾರು, ಯಾವಾಗ, ಎಲ್ಲಿ ಬಂದು ಕಾಡಿದರು ಎಂದು ಕೇಳಿದಳು. ಫೋನಿನಲ್ಲಿ ಅಂದ ಶಾಂತಪ್ಪ. ಫೋನಿನಲ್ಲಿ ಮಚ್ಚೆ ಹೆಂಗ ಕಂಡಿತು ಅಂದಳು. ಇಂಥ ಪ್ರಶ್ನೆಗಳಿಂದಲೇ ಹೆಂಗಸರು ಮುಂದೆ ಬರಲಿಲ್ಲ ಎಂದು ಹೇಳಿ ಅವನು ಕಟ್ಟೆಗೆ ಹೋದ.

ಸುದ್ದಿ ಹೊನವಾಡಕ್ಕೂ ಹೋಯಿತು. ಅಲ್ಲಿ ಸಾವಂತ್ರವ್ವನ ತಮ್ಮ ದೇವಾನಂದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಎಲ್ಲವನ್ನೂ ಪ್ರಮಾಣದಲ್ಲಿ ಅಳೆದು ಮಾತಾಡುವವನು, ಬಹಳ ಮರ್ಯಾದಸ್ಥ. ಮಾಮಾ, ನಿಮ್ಮ ಮಜ್ಜಿಗಿ ಕುಡಿಯದೆ ಇದ್ದರೆ ನಾವು ಎಂಥ ಬೀಗರು ಎಂದು ಭಾವನಿಗೆ ಫೋನ್ ಮಾಡಿದ. ರವಿವಾರ ಹೆಂಡತಿ ಸಪ್ನಾಳನ್ನೂ ಮಕ್ಕಳನ್ನೂ ಕರೆದುಕೊಂಡು ಬಂದೇ ಬಿಟ್ಟ.

ಖುಷಿನಗರದ ಬಾಗಿಲಲ್ಲಿ ಕಾವಲುಗಾರ ಎದ್ದು ನಿಂತು ಸಲಾಮು ಹೊಡೆಯಬಹುದೆಂದು ಶಾಂತಪ್ಪ ನಡಿಗೆ ನಿಧಾನ ಮಾಡಿದ. ಕಾವಲುಗಾರ ಟಿಕೆಟ್ ಕೇಳಿದ. ಸೇವೆಯಲ್ಲಿದ್ದಷ್ಟು ದಿನ ಜಗತ್ತಿಗೆಲ್ಲ ಟಿಕೆಟ್ ಕೇಳಿದವನಿಗೆ ಇದು ಎದೆಗೇ ಬಡಿಯಿತು. ಪಕ್ಕಕ್ಕೆ ಹೋಗಿ ಎಲ್ಲರ ಟಿಕೆಟ್ ತಾನೇ ತೆಗೆಸಿದ. ಒಳಗೆ ಬಂದು, ಮ್ಯಾನೇಜರು ಪುಕಟ ಬಿಡುತ್ತೇನೆ ಅಂದ, ನನಗೇ ಸರಿ ಅನ್ನಿಸಲಿಲ್ಲ ಎಂದು ದೇವಾನಂದನಿಗೆ ಹೇಳಿದ. ಭಾವನ ಪ್ರಾಮಾಣಿಕತೆಗೆ ದೇವಾನಂದ ತಲೆದೂಗಿದ.

ಒಳಗೆ ಒಂದು ಮೂಲೆಯಲ್ಲಿ 'ಹಳ್ಳಿ ಲೋಕ' ಅಂತ ಮಾಡಿದ್ದರು. ಸಿಮೆಂಟಿನ ಎಮ್ಮೆ, ಸಿಮೆಂಟಿನ ಬಾವಿ, ಪ್ಲಾಸ್ಟಿಕ್ಕಿನ ಜೋಳದ ತೆನೆ. ಸುತ್ತಲಿನ ಹತ್ತು ಹಳ್ಳಿಯ ಜನ ದುಡ್ಡು ಕೊಟ್ಟು ಒಳಗೆ ಬಂದು ಅದನ್ನು ನೋಡಿ, ಎಮ್ಮೆಯ ಕೊಂಬು ತಪ್ಪಾಗಿದೆ ಎಂದು ಹೇಳಿ ಹೋಗುತ್ತಿದ್ದರು. ಆ ಎಮ್ಮೆಯ ಪಕ್ಕದಲ್ಲಿ ಅಜ್ಜನ ಮಜ್ಜಿಗಿಯ ಅಂಗಡಿ. ಅಲ್ಲಿ ನೊಣ ಬಿಟ್ಟರೆ ಯಾರೂ ಇಲ್ಲ. ಎದುರಿನ ಅಂಗಡಿಯಲ್ಲಿ 'ಗುಮ್ಮಟ ಗುಡುಗು' ಅನ್ನುವ ನೀಲಿ ಸೋಡಾ. ಬಾಯಿಗೆ ಹಾಕಿದರೆ ಚಟಪಟ ಸದ್ದು ಮಾಡುತ್ತಿತ್ತು. ಅದರ ಮುಂದಿನ ಸಾಲು ಬಾವಿಯನ್ನು ಸುತ್ತಿ ನಿಂತಿತ್ತು. ಕುಡಿದವರೆಲ್ಲ ನಾಲಿಗೆ ಹೊರಗೆ ಹಾಕಿ ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ತಾಳಿ ಕಟ್ಟಿಸಿಕೊಂಡ ಬೆನ್ನಿಗೇ ಬಂದ ಹೊಸ ಮದುಮಗಳೊಬ್ಬಳು ಅತ್ತೆಗೇ ನಾಲಿಗೆ ತೋರಿಸಿದಳು. ಅತ್ತೆಯೂ ತೋರಿಸಿದಳು. ಇಬ್ಬರದೂ ನೀಲಿ.

ಅಜ್ಜನ ಅಂಗಡಿಯವನು ಪ್ಯಾಕೆಟಿನ ಪುಡಿ ನೀರಿಗೆ ಸುರಿದು ಕಲಕಿ, ತಂಬಿಗೆಯಂತೆ ಕಾಣುವ, ಮೇಲೆ ಬೋರ್ಡಿನ ಅಜ್ಜನದೇ ಚಿತ್ರ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟ. ಬಣ್ಣ ತಿಳಿ ಹಸಿರು. ವಾಸನೆ ಬೇಕರಿಯದು. ಸಾವಂತ್ರವ್ವ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಸಿಮೆಂಟಿನ ಎಮ್ಮೆಯ ಹಿಂದೆ ಹೋಗಿ ಉಗುಳಿ, ಬರಿಗಾಲಲ್ಲಿ ಮುಳ್ಳು ತುಳಿದವಳ ಮುಖ ಮಾಡಿಕೊಂಡು ವಾಪಸ್ ಬಂದಳು. ಇದರಾಗ ಸಕ್ಕರಿ ಹಾಕ್ಯಾರ ಅಂದಳು. ಸಪ್ನಾ ತನ್ನದನ್ನು ಮೆಲ್ಲಗೆ ಬಾವಿಗೆ ಸುರಿದಳು. ಮಕ್ಕಳು ಆಗಲೇ ನೀಲಿ ಸೋಡಾದ ಸಾಲಿನಲ್ಲಿದ್ದರು. ದೇವಾನಂದ ಮಾತ್ರ, ಭಾವ ಎದುರಿಗೆ ನಿಂತಿದ್ದರಿಂದ, ಬೀಗತನದ ಮರ್ಯಾದೆ ಬಿಡಲಾರದೆ ಡಬ್ಬಿ ಪೂರ್ತಿ ಖಾಲಿ ಮಾಡಿದ. ಶಾಂತಪ್ಪ ಖುಷಿಯಿಂದ ಇನ್ನೊಂದು ಹೇಳಿದ. ಅದನ್ನೂ ಕುಡಿದ.

ಮರುದಿನ ಬೆಳಿಗ್ಗೆ ಸಪ್ನಾ ಫೋನ್ ಮಾಡಿದಳು. ಮಾಸ್ತರರು ಶಾಲೆಗೆ ಹೋಗಿರಲಿಲ್ಲ, ಹಾಸಿಗೆಗೂ ಹಿತ್ತಲಿಗೂ ನಡುವೆ ಓಡಾಡುತ್ತಿದ್ದರು.

ಅಲ್ಲಿಂದ ಶಾಂತಪ್ಪನ ಕೀರ್ತಿ ತಿರುಗಿ ನಿಂತಿತು. ಖುಷಿನಗರಕ್ಕೆ ಹೋಗಿ ಬಂದವರೆಲ್ಲ ನೆಟ್ಟಗೆ ಅವನ ಕಟ್ಟೆಗೆ ಬಂದು, ಏನ್ರಿ ಇದು ಎಂದು ಕೇಳತೊಡಗಿದರು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ, ನಿಮ್ಮ ಮಾರಿ ನೋಡಿ ನಂಬಿ ತಗೊಂಡೆ ಅಂದ. ಇನ್ನೊಬ್ಬ ಅದೇ ಮಾತು ಹೇಳಿ ಮಾರಿಯ ಬಗ್ಗೆ ಇನ್ನೂ ಎರಡು ಮಾತು ಸೇರಿಸಿದ. ಚಾಂದಬಿಯ ಮೊಮ್ಮಗಳಿಗೆ ಮಜ್ಜಿಗೆ ಅಂದರೇ ಹೆದರಿಕೆ ಹತ್ತಿತು; ಮನೆಯಲ್ಲಿ ತಂಬಿಗೆ ಕಂಡರೂ ಅಳುತ್ತಿತ್ತು. ಜೋಳದ ಡಬ್ಬಿ ಸಾಲಿನ ಹಿಂದಕ್ಕೆ ಹೋಯಿತು, ಮೊದಲಿದ್ದ ಜಾಗಕ್ಕಿಂತಲೂ ಹಿಂದಕ್ಕೆ.

ಶಾಂತಪ್ಪನಿಗೆ ಮೈಯೆಲ್ಲ ಉರಿ. ಪುಡಿ ಕಲಸಿದವರು ಯಾರೋ, ಬೈಸಿಕೊಳ್ಳುವವನು ತಾನು. ತನ್ನ ಮಾರಿಯನ್ನು ಕೇಳದೆ ತೆಗೆದುಕೊಂಡದ್ದಲ್ಲದೆ ಅದರ ಮೇಲೆ ಸಕ್ಕರೆ ನೀರು ಸುರಿದಿದ್ದಾರೆ. ಕೇಳದೆ ತೆಗೆದುಕೊಂಡರು ಅನ್ನುವುದು ಅವನಿಗೆ ಈಗ ನೆನಪಾಯಿತು. ಸಾವಂತ್ರವ್ವ ಅದನ್ನೂ ಬಿಡಲಿಲ್ಲ. "ಭಾಳ ಕಾಡಿದ್ರು ಅಂದಿದ್ದೀರಲ್ಲ," ಅಂದಳು.

ಅವನು ಗೋಡೆಯ ಮೇಲಿನ ಕನ್ನಡಿಯನ್ನು ಮೊಳೆಯಿಂದ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಖುಷಿನಗರಕ್ಕೆ ಹೊರಟ.

ಮ್ಯಾನೇಜರ್ ಸತೀಶಕುಮಾರ ವಿಜಯಪುರದ ಹುಡುಗನೇ. ಪುಣೆಯಲ್ಲಿ ಎರಡು ವರ್ಷ ಪಾರ್ಕು ನಡೆಸುವ ವಿದ್ಯೆ ಕಲಿತು ಬಂದಿದ್ದ. ಬರ್ರಿ ಅಜ್ಜಾರ, ಕೂಡ್ರಿ ಅಂದ. ಅಜ್ಜಾರ ಅಂದದ್ದೇ ಶಾಂತಪ್ಪನಿಗೆ ಸಾಕ್ಷಿಯಾಯಿತು. ನೋಡು, ನೀನೇ ಗುರುತು ಹಿಡಿದಿ ಅಂದ. ಸತೀಶಕುಮಾರ ತಾಳ್ಮೆಯಿಂದ ತಿಳಿಸಿ ಹೇಳಿದ. ಆ ಚಿತ್ರ ಯಾರದೂ ಅಲ್ಲ. ಈ ಕಡೆಯ ಒಬ್ಬ ಅಜ್ಜನನ್ನು ಮಾಡಿಕೊಡು ಅಂತ ಕಂಪ್ಯೂಟರಿಗೆ ಹೇಳಿದ್ದು, ಅದು ಮಾಡಿಕೊಟ್ಟದ್ದು. ಅದು ಲಕ್ಷಾಂತರ ಮುಖ ನೋಡಿ ಅದರಿಂದ ಒಂದು ಹೊಸ ಮುಖ ತೆಗೆಯುತ್ತದೆ.

"ಆ ಲಕ್ಷ ಮಂದ್ಯಾಗ ನಾ ಇಲ್ಲಂತ ನೀ ಬರದ್ ಕೊಡ್ತೀಯೇನು?" ಅಂದ ಶಾಂತಪ್ಪ.

ಅದನ್ನು ಬರೆದುಕೊಡಲು ಯಾವ ಪುಣೆಯಲ್ಲೂ ಕಲಿಸಿರಲಿಲ್ಲ. ಸತೀಶಕುಮಾರ ಬೇರೆ ದಾರಿ ಹಿಡಿದ. ನಿಮ್ಮ ಮಚ್ಚೆ ಎಡಗೆನ್ನೆಯ ಮೇಲಿದೆ, ಚಿತ್ರದವನದು ಬಲಗೆನ್ನೆಯ ಮೇಲೆ, ನೋಡಿರಿ ಅಂದ. ಶಾಂತಪ್ಪ ಇದಕ್ಕೇ ಕಾಯುತ್ತಿದ್ದ. ಕನ್ನಡಿ ತೆಗೆದು ಮೇಜಿನ ಮೇಲೆ ನಿಲ್ಲಿಸಿದ, ಪಕ್ಕದಲ್ಲಿ ಅಜ್ಜನ ಮಜ್ಜಿಗಿಯ ಡಬ್ಬಿ ಇಟ್ಟ. ಕನ್ನಡಿಯೊಳಗಿನ ಮಚ್ಚೆಯೂ ಡಬ್ಬಿಯ ಮೇಲಿನ ಮಚ್ಚೆಯೂ ಒಂದೇ ಕಡೆ ಬಂದವು. ಆಫೀಸಿನ ಇಬ್ಬರು ಗುಮಾಸ್ತರು ಎದ್ದು ಬಂದು ನೋಡಿ, ಹೌದಲ್ರಿ ಸರ್ ಅಂದರು. ಸತೀಶಕುಮಾರನಿಗೂ ಒಂದು ಕ್ಷಣ ಕಂಪ್ಯೂಟರಿನ ಮೇಲೆ ಸಂಶಯ ಬಂತು.

ಗೆದ್ದೆ ಅಂದುಕೊಂಡ ಶಾಂತಪ್ಪ, ನನ್ನ ಮಾರಿಯ ಮಾನ ಉಳಿಯಬೇಕಾದರೆ ಮಜ್ಜಿಗೆಯನ್ನು ಮಜ್ಜಿಗೆಯಂತೆ ಮಾಡು ಎಂದು ಅಪ್ಪಣೆ ಕೊಟ್ಟ. ಆಗ ಸತೀಶಕುಮಾರ ಆಡಬಾರದ ಮಾತು ಆಡಿದ. ಮಜ್ಜಿಗೆ ಸೋತದ್ದು ರುಚಿಯಿಂದ ಅಲ್ಲವಂತೆ. ಬಂದವರನ್ನು ಅವರು ಕೇಳಿ ನೋಡಿದ್ದಾರಂತೆ.

"ಪಾರ್ಕಿಗೆ ಬಂದಾವ್ರು ನೀರಡಿಕಿಗೆ ಕುಡ್ಯಂಗಿಲ್ರಿ, ತೋರ್ಸಾಕ ಕುಡೀತಾರ. ನೀಲಿ ಸೋಡಾ ಕುಡದ್ರ ನಾಲಿಗಿ ತೋರಸ್ಬೋದು. ಮಜ್ಜಿಗಿ ಕುಡದು ಏನ್ ತೋರ್ಸೂದು? ಅದರ ಮ್ಯಾಲ ಈ ಮಾರಿ. ಸಿಟ್ಟಿನ ಮಾರಿ ಐತ್ರಿ ಇದು. ಇದನ್ ನೋಡಿ ಮಂದಿ ಹತ್ರ ಬರಾಕs ಅಂಜತಾರ."

ಶಾಂತಪ್ಪ ಕನ್ನಡಿಯನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದ. ಊರಿನವರು ಮಜ್ಜಿಗೆ ಕೆಟ್ಟದ್ದಕ್ಕೆ ಮಾರಿ ಕೆಟ್ಟಿತು ಅನ್ನುತ್ತಾರೆ. ಇವನು ಮಾರಿ ಕೆಟ್ಟದ್ದಕ್ಕೆ ಮಜ್ಜಿಗೆ ಕೆಟ್ಟಿತು ಅನ್ನುತ್ತಾನೆ. ಈ ಮಾರಿಯ ಕೈಯಿಂದ ಜಿಲ್ಲೆಯ ಅರ್ಧ ಜನ ಟಿಕೆಟ್ ತೆಗೆಸಿದ್ದಾರೆ, ಒಬ್ಬನೂ ಅಂಜಿ ಬಸ್ಸಿನಿಂದ ಹಾರಿಲ್ಲ ಎಂದು ಕೂಗಿದ. ಕನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು, ಸರಕಾರ ಇನ್ನೂ ಸತ್ತಿಲ್ಲ ಎಂದು ಹೇಳಿ, ಅಲ್ಲಿಂದಲೇ ವಿಜಯಪುರದ ಬಸ್ಸು ಹತ್ತಿದ.

ಸಿದ್ಧೇಶ್ವರ ಗುಡಿಯ ಹಿಂದಿನ ಸಂದಿಯಲ್ಲಿ ಮೂರು ಜನರನ್ನು ಕೇಳಿ, ತಿನ್ನುವ ಕುಡಿಯುವ ಪದಾರ್ಥ ತಪಾಸಣೆ ಮಾಡುವ ಅಧಿಕಾರಿಯ ಆಫೀಸು ಎಲ್ಲಿದೆ ಎಂದು ತಿಳಿದುಕೊಂಡು, ಬಿಸಿಲಲ್ಲಿ ಬೆವರಿಳಿಸುತ್ತ ಹೋಗಿ ನಿಂತ. ಅಧಿಕಾರಿ ವಿದ್ಯಾವತಿ ಅನ್ನುವ ಗಂಭೀರ ಹೆಂಗಸು. ಕಣ್ಣೆತ್ತಿ ನೋಡಿದಳು. ಮುಂದಿದ್ದ ಡಬ್ಬಿಯನ್ನು ನೋಡಿದಳು. ಮತ್ತೆ ಶಾಂತಪ್ಪನನ್ನು ನೋಡಿದಳು. "ನೀವs ಬಂದದ್ದು ಚಲೋ ಆತು, ಕೂಡ್ರಿ," ಅಂದಳು. "ನಿಮ್ಮನ್ನs ಕರಸೋದಿತ್ತು."

ವಿಷಯ ಏನೆಂದರೆ, ಹೊಟ್ಟೆ ಸುಧಾರಿಸಿಕೊಂಡ ದೇವಾನಂದ ಮಾಸ್ತರ ಆಗಲೇ ಆ ಡಬ್ಬಿಯ ಸಮೇತ ತಕರಾರು ಕೊಟ್ಟಿದ್ದ. ಪೇಯದ ಬಣ್ಣ, ವಾಸನೆ, ಕುಡಿದ ಪ್ರಮಾಣ, ಪರಿಣಾಮ ಎಲ್ಲವನ್ನೂ ಪ್ರಯೋಗಶಾಲೆಯ ಶೈಲಿಯಲ್ಲಿ ವಿವರಿಸಿ, ಕೊನೆಗೆ, ಇದರ ಪಾಲುದಾರರು ಸ್ವತಃ ನನ್ನ ಅಕ್ಕನ ಗಂಡನಾಗಿದ್ದರೂ ಸತ್ಯಕ್ಕೆ ಬೀಗತನ ಅಡ್ಡ ಬರಬಾರದು ಎಂದು ಮುಗಿಸಿದ್ದ. ಪಾಲುದಾರ ಅಂತ ಇಡೀ ಬಬಲೇಶ್ವರ ಹೇಳುತ್ತದೆ, ಫೋಟೋವೂ ಇದೆ, ಲೈಸೆನ್ಸ್ ತೋರಿಸಿರಿ ಅಂದಳು ವಿದ್ಯಾವತಿ.

ಬೆಳಿಗ್ಗೆ ಆ ಮಾರಿ ತನ್ನದೆಂದು ಸಾಬೀತು ಮಾಡಿ ಬಂದ ಶಾಂತಪ್ಪ ಮಧ್ಯಾಹ್ನ ಅದು ತನ್ನದಲ್ಲವೆಂದು ಸಾಬೀತು ಮಾಡಬೇಕಾಯಿತು. ಶುರು ಚೆನ್ನಾಗಿಯೇ ಆಯಿತು. ನನ್ನ ಮಚ್ಚೆ ಎಡಕ್ಕಿದೆ, ಅವನದು ಬಲಕ್ಕೆ, ನೀವೇ ನೋಡಿರಿ ಮೇಡಂ ಅಂದ. ಅದು ಲಕ್ಷಾಂತರ ಮುಖ ನೋಡಿ ಕಂಪ್ಯೂಟರ್ ಮಾಡಿದ ಮುಖ, ನನಗೂ ಅದಕ್ಕೂ ಸಂಬಂಧವಿಲ್ಲ ಅಂತ ಸತೀಶಕುಮಾರನ ಪಾಠವನ್ನೇ ಒಪ್ಪಿಸಿದ. ವಿದ್ಯಾವತಿ ಒಪ್ಪುವ ಹಾಗೆ ಕಂಡಳು. ಅಷ್ಟರಲ್ಲಿ ಅವಳು ಫೋನ್ ಮಾಡಿ ಕರೆಸಿದ್ದ ಸತೀಶಕುಮಾರ ಬಂದ. ಅವನಿಗೂ ತಪ್ಪಿನಲ್ಲಿ ಪಾಲಿಗೊಬ್ಬ ಸಿಕ್ಕರೆ ಬೇಕಾಗಿತ್ತು.

"ಇಲ್ರಿ ಮೇಡಂ, ಮಾರಿ ಇವರದs," ಅಂದ ಅವನು. "ಮುಂಜಾನಿ ಇವರs ಬಂದು ನಮಗ ತೋರ್ಸ್ಯಾರ. ಬೇಕಂದ್ರ ಆ ಚೀಲದಾಗ ಕನ್ನಡಿ ಐತಿ ನೋಡ್ರಿ."

ವಿದ್ಯಾವತಿ ಚೀಲದ ಕಡೆ ಕೈ ಚಾಚಿದಳು. ಕನ್ನಡಿ ಮೇಜಿನ ಮೇಲೆ ಬಂತು. ಶಾಂತಪ್ಪ ಎಷ್ಟು ಮುಖ ತಿರುಗಿಸಿದರೂ ಮಚ್ಚೆ ಡಬ್ಬಿಯ ಮಚ್ಚೆಯ ಪಕ್ಕಕ್ಕೇ ಹೋಗಿ ನಿಲ್ಲುತ್ತಿತ್ತು.

"ಒಂದs ಮಾತಿನ್ಯಾಗ ಹೇಳ್ರಿ ಯಜಮಾನ್ರ," ಅಂದಳು ವಿದ್ಯಾವತಿ. "ಈ ಮಾರಿ ನಿಮ್ದೋ, ಅಲ್ಲೋ?"

ಬಾಗಿಲಲ್ಲಿ ಜವಾನ ನಿಂತಿದ್ದ, ಗುಮಾಸ್ತೆ ಬರೆಯುವುದನ್ನು ಬಿಟ್ಟು ಕೂತಿದ್ದಳು. ಶಾಂತಪ್ಪನ ಮೀಸೆಯ ತುದಿಗಳು ಮೊದಲ ಸಲ ಕೆಳಗಿಳಿದವು. ಅದು ನನ್ನ ಹಾಗೆ ಇದೆ, ಆದರೆ ನಾನಲ್ಲ ಅಂದ. ನನ್ನನ್ನು ಯಾರೂ ಕೇಳಿಲ್ಲ, ಯಾರೂ ಕಾಡಿಲ್ಲ, ಫೋನೂ ಬಂದಿಲ್ಲ. ಬಸ್ಸಿನಲ್ಲಿ ಕೇಳಿದರು, ಬಾಯಿಗೆ ಬಂತು, ಅಂದುಬಿಟ್ಟೆ. ಹೇಳಿ ಮುಗಿಸಿದ ಮೇಲೆ ಒಮ್ಮೆಲೇ ಸಿಟ್ಟು ವಾಪಸ್ ಬಂತು. ನನ್ನದಲ್ಲದಿದ್ದರೂ ನನ್ನ ಹಾಗೆ ಇರುವ ಮಾರಿಯನ್ನು ಆ ಕಲಗಚ್ಚಿನ ಮೇಲಿಂದ ಇವತ್ತೇ ತೆಗೆಸಿರಿ, ತೆಗೆಸದೆ ನಾನು ಇಲ್ಲಿಂದ ಏಳುವುದಿಲ್ಲ ಎಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತ. ಆಫೀಸು ಮುಚ್ಚುವ ಹೊತ್ತಾದರೂ ಏಳಲಿಲ್ಲ.

ವಿದ್ಯಾವತಿಗೆ ಆ ಮನುಷ್ಯನ ಮೇಲೆ ಕನಿಕರ ಬಂತೋ, ಮನೆಗೆ ಹೋಗಬೇಕಾಗಿತ್ತೋ ಗೊತ್ತಿಲ್ಲ. ಪುಡಿ ಬಂದ್, ಹಸಿರು ಬಣ್ಣ ಬಂದ್, ತೊಳೆಯಲಾಗದ ಆ ಪ್ಲಾಸ್ಟಿಕ್ ತಂಬಿಗೆ ಬಂದ್, ಜೊತೆಗೆ ಈ ಮಾರಿಯೂ ಬಂದ್ ಎಂದು ಸತೀಶಕುಮಾರನಿಗೆ ಹುಕುಂ ಮಾಡಿದಳು. ಮಜ್ಜಿಗೆ ಅಂತ ಬರೆದ ಮೇಲೆ ಒಳಗೆ ಮಜ್ಜಿಗೆ ಇರತಕ್ಕದ್ದು ಅಂದಳು.

ಮುಂದಿನ ವಾರ ಬೋರ್ಡು ಬದಲಾಯಿತು. ಬೇರೆ ಚಿತ್ರ ಮಾಡಿಸಲು ಹೊತ್ತಿಲ್ಲದೆ ಸತೀಶಕುಮಾರ ತನ್ನ ಸಿಮೆಂಟಿನ ಎಮ್ಮೆಯ ಫೋಟೋವನ್ನೇ ತೆಗೆಸಿ ಹಾಕಿ, 'ಎಮ್ಮಿ ಮಜ್ಜಿಗಿ' ಅಂತ ಬರೆಸಿದ. ತಿಕೋಟಾದ ಸಂತೆಯಿಂದ ಗಟ್ಟಿ ಮೊಸರು ತರಿಸಿದ. ಪ್ಲಾಸ್ಟಿಕ್ ಹೋದ ಜಾಗಕ್ಕೆ ಅವಸರದಲ್ಲಿ ಸಿಕ್ಕದ್ದು ಅಗಲ ಬಾಯಿಯ ಮಣ್ಣಿನ ಬಟ್ಟಲು. ಮೊಸರು ಚೆನ್ನಾಗಿ ಕಡೆದದ್ದರಿಂದ ಮೇಲೆ ನೊರೆ ಎದ್ದಿತು, ಬಟ್ಟಲು ಅಗಲವಾದ್ದರಿಂದ ಕುಡಿದವರ ಮೇಲ್ದುಟಿಗೆಲ್ಲ ಅದು ಬಳಿದುಕೊಂಡಿತು. ಮೊದಲ ದಿನ ಕುಡಿದ ಹುಡುಗಿಯೊಬ್ಬಳು ತನ್ನ ಬಿಳಿ ಮೀಸೆಯ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು. ಮರುದಿನ ಗೆಳತಿಯರು ಬಂದರು. ಆ ರವಿವಾರ ಅಜ್ಜಿಯರು, ಮಾಸ್ತರರು, ಮದುಮಕ್ಕಳು, ಊರ ಪಂಚರು ಎಲ್ಲ ಎಮ್ಮೆಯ ಪಕ್ಕದಲ್ಲಿ ಬಿಳಿ ಮೀಸೆ ಹಚ್ಚಿಕೊಂಡು ಫೋಟೋಕ್ಕೆ ನಿಂತರು. ನೀಲಿ ಸೋಡಾದವನು ಖಾಲಿ ಅಂಗಡಿಯಲ್ಲಿ ಕೂತು ಚಟಪಟ ಸದ್ದನ್ನು ತಾನೊಬ್ಬನೇ ಕೇಳುತ್ತಿದ್ದ.

ದೇವಾನಂದ ಭಾವನ ಕ್ಷಮೆ ಕೇಳಲು ಬಂದವನು ಎಲ್ಲರನ್ನೂ ಕರೆದುಕೊಂಡು ಮತ್ತೆ ಖುಷಿನಗರಕ್ಕೆ ಹೋದ. ಈ ಸಲ ಟಿಕೆಟ್ ಅವನೇ ತೆಗೆಸಿದ. ಶಾಂತಪ್ಪ ಬರುವುದಿಲ್ಲ ಅಂದು, ಬಂದ. ಕುಡಿಯುವುದಿಲ್ಲ ಅಂದು, ಕುಡಿದ. ಮಜ್ಜಿಗೆ ತಣ್ಣಗಿತ್ತು, ಹುಳಿ ಹದವಾಗಿತ್ತು, ಶುಂಠಿಯ ಖಾರ ಗಂಟಲಿಗೆ ಇಳಿದು ಹಿತವಾಗಿತ್ತು. ಅದೇ ಅವನಿಗೆ ಸಹಿಸಲಾಗಲಿಲ್ಲ. ಕೆಟ್ಟ ಮಜ್ಜಿಗೆಗೆ ಅವನ ಮಾರಿ ಬೇಕಾಗಿತ್ತು. ಒಳ್ಳೆಯದಾದ ಮೇಲೆ ಕೊಂಬು ತಪ್ಪಿದ ಎಮ್ಮೆ ಸಾಕಾಯಿತು. ಇಡೀ ಜಿಲ್ಲೆ ಮೀಸೆಗೆಂದು ಸಾಲು ನಿಂತಿದೆ, ಜಿಲ್ಲೆಯ ಅಸಲಿ ಮೀಸೆ ಸಾಲಿನಲ್ಲಿ ನಿಂತು ಬಟ್ಟಲು ಪಡೆಯಬೇಕು.

ಸಾವಂತ್ರವ್ವ ಎರಡನೆಯ ಬಟ್ಟಲು ಮುಗಿಸಿ ಅವನ ಕಡೆ ತಿರುಗಿದಳು. ಮೂಗಿನ ಕೆಳಗೆ ಕಿವಿಯಿಂದ ಕಿವಿಯವರೆಗೆ ಬಿಳಿ ಮೀಸೆ. ಹೆಂಗೈತಿ ಎಂದು ಕೇಳಿದಳು. ಮದುವೆಯಾದ ಮೇಲೆ ಅವಳು ಇಷ್ಟು ನಕ್ಕದ್ದನ್ನು ಅವನು ನೋಡಿರಲಿಲ್ಲ. ತುದಿ ಮ್ಯಾಲಕ್ಕ ತಿರುವಬೇಕು ಎಂದು ಮಾತ್ರ ಗಂಭೀರವಾಗಿ ಹೇಳಿದ.

ಸಾಲಿನಲ್ಲಿ ಚಾಂದಬಿಯೂ ಇದ್ದಳು, ಮೊಮ್ಮಗಳನ್ನು ಎತ್ತಿಕೊಂಡು. ಮೊಮ್ಮಗಳ ಮೂಗು ಬಟ್ಟಲಿನೊಳಗಿತ್ತು. ಚಾಂದಬಿ ಬೋರ್ಡು ನೋಡಿದಳು, ಶಾಂತಪ್ಪನನ್ನು ನೋಡಿದಳು. ಮಜ್ಜಿಗಿ ಈಗ ಭಾಳ ಚಲೋ ಆಗೇತಿ, ನಿಮ್ಮ ಮಾರಿ ಯಾಕ ತೆಗದ್ರು ಎಂದು ಮರುಕದಿಂದ ಕೇಳಿದಳು. ಹತ್ತಿರ ನಿಂತಿದ್ದ ಬಬಲೇಶ್ವರದವರೆಲ್ಲ ಕಿವಿ ಕೊಟ್ಟರು.

ಶಾಂತಪ್ಪ ಎದೆ ಉಬ್ಬಿಸಿದ. ಈ ಸಲ ಹೇಳಲು ಅವನ ಹತ್ತಿರ ಅಪ್ಪಟ ಸತ್ಯವಿತ್ತು.

"ಅವರು ತೆಗದಿಲ್ಲ. ನಾನs ತೆಗಿಸೇನಿ. ಇಜಾಪುರದ ಆಫೀಸ್‌ನ್ಯಾಗ ಸಂಜೀತನಕಾ ಕುಂತು ತೆಗಿಸೇನಿ. ಪುಡಿನೂ ನಾನs ಬಂದ್ ಮಾಡಿಸೇನಿ."

ಬಬಲೇಶ್ವರದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಚಾಂದಬಿ ಮೊಮ್ಮಗಳ ಮೂಗು ಒರೆಸುತ್ತ, ಹಟ ಹಿಡಿದ ಕೂಸಿನ ಜೊತೆ ಮಾತಾಡುವ ದನಿಯಲ್ಲಿ ಅಂದಳು:

"ಹೌದ್ರಿ ಅಣ್ಣಾರ, ಹೌದು. ನೀವs ತೆಗಿಸೀರಿ."